10 ಎಕ್ಸ್‌ನಲ್ಲಿ ಸ್ಪಷ್ಟ, 40 ಎಕ್ಸ್‌ನಲ್ಲಿ ಮಂಜು: ಸೂಕ್ಷ್ಮದರ್ಶಕದ ದೋಷ ಎಲ್ಲಿದೆ?

ಪ್ರಶ್ನೆ:
ನಮಸ್ಕಾರ. ಮಗಳಿಗೆ ತೋರಿಸಲೆಂದು ಜಕ್ಕೂರು ಕೆರೆಯ ನೀರಿನ ಒಂದು ಹನಿಯನ್ನು ಸ್ಲೈಡಿನ ಮೇಲೆ ಹಾಕಿ ನೋಡಿದರೆ, ಸ್ಲೈಡಿನ ಕಡೆಗಿದ್ದು ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ, ಅಂದರೆ 10 ಎಕ್ಸ್ ಆಬ್ಜೆಕ್ಟಿವ್‌ನಲ್ಲಿ ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿ ಓಡಾಡುವುದು ಚೆನ್ನಾಗಿ ಕಾಣುತ್ತದೆ. 40 ಎಕ್ಸ್‌ಗೆ ತಿರುಗಿಸಿದೊಡನೆ ಮಂಜು ಕವಿದಂತಾಗಿ, ಫೈನ್ ಫೋಕಸ್ ಎಷ್ಟು ತಿರುಗಿಸಿದರೂ ಅಂಚುಗಳು ತಿಳಿಯಾಗುವುದಿಲ್ಲ. ಹನಿಯ ಮೇಲೆ ಕವರ್ ಸ್ಲಿಪ್ (ತೆಳು ಗಾಜಿನ ಹೊದಿಕೆ) ಹಾಕಿಲ್ಲ. ಎಲ್‌ಇಡಿ ಬೆಳಕು ಕಣ್ಣಿಗೆ ಚುಚ್ಚುತ್ತಿದ್ದುದರಿಂದ ಐರಿಸ್ ಅನ್ನು (ಬೆಳಕಿನ ದಾರಿಯ ಹಿಗ್ಗಿಸಿ ಕುಗ್ಗಿಸಬಹುದಾದ ಕಂಡಿ) ಬಹುಪಾಲು ಮುಚ್ಚಿ, ಕಂಡೆನ್ಸರನ್ನು (ಸ್ಲೈಡಿನ ಕೆಳಗೆ ಬೆಳಕನ್ನು ಕೂಡಿಸುವ ಮಸೂರ) ಕೆಳಗಿಳಿಸಿದ್ದೇನೆ. ಆಬ್ಜೆಕ್ಟಿವ್ ಕೆಟ್ಟಿರಬಹುದೇ?

ಉತ್ತರ:
ಹಾಗೆಂದು ಈಗಲೇ ತೀರ್ಮಾನಿಸಬೇಡಿ. ನೀವು ಬರೆದಿರುವುದರಲ್ಲೇ ಎರಡು ಕಾರಣಗಳಿವೆ. ಆಬ್ಜೆಕ್ಟಿವ್ ಮೇಲೆ 160/0.17 ಎಂದು ಕೆತ್ತಿದ್ದರೆ, ಎರಡನೆಯ ಅಂಕಿಯು ಕವರ್ ಸ್ಲಿಪ್ಪಿನ ದಪ್ಪವನ್ನು ಮಿಲಿಮೀಟರಿನಲ್ಲಿ ಹೇಳುತ್ತದೆ. ಆ ಗಾಜು ಇರುತ್ತದೆಂದೇ ಲೆಕ್ಕ ಹಾಕಿ ಮಸೂರವನ್ನು ರೂಪಿಸಿರುತ್ತಾರೆ. ಮುಚ್ಚದ ಹನಿಯ ಉಬ್ಬು ತಾನೇ ಒಂದು ಮಸೂರವಾಗಿ ಬಿಂಬವನ್ನು ಕೆಡಿಸುತ್ತದೆ. ಸಾಮಾನ್ಯ 40 ಎಕ್ಸ್ ಮಸೂರವು ಒಂದು ಮಿಲಿಮೀಟರಿಗಿಂತ ಕಡಿಮೆ ಅಂತರದಲ್ಲಿ ನಿಲ್ಲುವುದರಿಂದ, ಅದರ ತುದಿ ನೀರಿಗೆ ತಾಗಿ ಒಣಗಿದ ಪೊರೆಯೂ ಉಳಿದಿರಬಹುದು. ಅದನ್ನು ಡಿಸ್ಟಿಲ್ಡ್ ನೀರು ತಾಗಿಸಿದ ಲೆನ್ಸ್ ಕಾಗದದಿಂದ ಮೆಲ್ಲಗೆ ಒರೆಸಿ. ಕರವಸ್ತ್ರ ಬೇಡವೇ ಬೇಡ. ನಮ್ಮ ಬೋರ್‌ವೆಲ್ ನೀರಿನಲ್ಲಿ ಸ್ಲೈಡ್ ತೊಳೆದರೂ ಬಿಳಿ ಕಲೆ ನಿಲ್ಲುತ್ತದೆ.

ಇನ್ನು ಐರಿಸ್ ವಿಷಯ. ಅದು ಬೆಳಕು ತಗ್ಗಿಸುವ ಗುಂಡಿಯಲ್ಲ ಎಂಬುದನ್ನು ನಾನು ಒತ್ತಿ ಹೇಳಬಯಸುತ್ತೇನೆ, ಏಕೆಂದರೆ ಹೊಸಬರ ಹೆಚ್ಚಿನ ತೊಂದರೆ ಇಲ್ಲಿಂದಲೇ ಹುಟ್ಟುತ್ತದೆ. 0.65 ನ್ಯೂಮರಿಕಲ್ ಅಪರ್ಚರ್ (ಮಸೂರ ಎಷ್ಟು ಅಗಲದ ಬೆಳಕಿನ ಶಂಕುವನ್ನು ಹಿಡಿಯುತ್ತದೆ ಎಂಬ ಅಳತೆ) ಇರುವ ಆಬ್ಜೆಕ್ಟಿವ್, ಕಂಡೆನ್ಸರ್ ಕೂಡ ಅಷ್ಟೇ ಅಗಲದ ಬೆಳಕಿನ ಶಂಕುವನ್ನು ಕೊಟ್ಟಾಗ, ಹಸಿರು ಬೆಳಕಿನಲ್ಲಿ ಸುಮಾರು 0.42 ಮೈಕ್ರೊಮೀಟರ್ ಅಂತರದ ಎರಡು ಬಿಂದುಗಳನ್ನು ಬೇರೆಯಾಗಿ ತೋರಿಸಬಲ್ಲದು. ಐರಿಸ್ ಮುಚ್ಚಿ ಕಂಡೆನ್ಸರಿನ ಅಪರ್ಚರನ್ನು 0.2ಕ್ಕೆ ಇಳಿಸಿದರೆ ಆ ಅಂತರ 0.65 ಮೈಕ್ರೊಮೀಟರಿನಷ್ಟಾಗುತ್ತದೆ, ಡಯಾಟಮ್ ಎಂಬ ಸೂಕ್ಷ್ಮ ಪಾಚಿಯ ಚಿಪ್ಪಿನ ನವಿರಾದ ಗೆರೆಗಳು ಕಲಸಿಹೋಗುತ್ತವೆ. ಕಂಡೆನ್ಸರನ್ನು ಸ್ಲೈಡಿನ ಹತ್ತಿರಕ್ಕೆ ಏರಿಸಿ, ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ತೆಗೆದು ಕೊಳವೆಯೊಳಗೆ ನೋಡುತ್ತಾ, ಬೆಳಕಿನ ವೃತ್ತದ ಮುಕ್ಕಾಲು ಭಾಗ ತುಂಬುವಷ್ಟು ಐರಿಸ್ ತೆರೆಯಿರಿ. ಬೆಳಕು ಹೆಚ್ಚೆನಿಸಿದರೆ ದೀಪದ ಗುಂಡಿಯಿಂದಲೇ ತಗ್ಗಿಸಿ.

ಪ್ರಶ್ನೆ ಕೇಳಿದವರಿಂದ:
ಧನ್ಯವಾದಗಳು. ಮಸೂರದ ತುದಿಯಲ್ಲಿ ಪೊರೆ ಇದ್ದದ್ದು ನಿಜ. ಅದನ್ನು ಒರೆಸಿ, ಚಿಕ್ಕ ಹನಿಗೆ ಕವರ್ ಸ್ಲಿಪ್ ಹಾಕಿ, ಐರಿಸ್ ಸರಿಪಡಿಸಿದ ಮೇಲೆ ಪ್ಯಾರಮೀಸಿಯಂನ ರೋಮಗಳ ಅಲುಗಾಟವೂ ಕಂಡಿತು. ಒಂದು ಕಪ್ಪು ಚುಕ್ಕೆ ಮಾತ್ರ ಎಲ್ಲ ಆಬ್ಜೆಕ್ಟಿವ್‌ಗಳಲ್ಲೂ ಉಳಿದಿದೆ.

ಉತ್ತರ:
ಐಪೀಸನ್ನು ಇದ್ದಲ್ಲಿಯೇ ತಿರುಗಿಸಿ. ಚುಕ್ಕೆಯೂ ಜೊತೆಗೆ ತಿರುಗಿದರೆ ಧೂಳು ಅದರಲ್ಲಿದೆ. ತಿರುಗದಿದ್ದರೆ ಕಂಡೆನ್ಸರ್ ಮತ್ತು ದೀಪದ ಗಾಜನ್ನು ಪರೀಕ್ಷಿಸಿ.