ಜಾನ್ ಪಾರ್ ಸಮಾಧಿಕಲ್ಲು: ವಯಸ್ಸು 20ಓ 17ಓ? ಸತ್ತದ್ದು 21ಕ್ಕೋ 23ಕ್ಕೋ?

ಹಳೇಕಡತ:
ಮೊದಲ ಮಹಾಯುದ್ಧದಲ್ಲಿ ಸತ್ತ ಮೊದಲ ಬ್ರಿಟಿಷ್ ಸೈನಿಕ ಎಂದು ಹೆಸರಾದ ಜಾನ್ ಪಾರ್ ಬಗ್ಗೆ ಲೇಖನ ತಯಾರಾಗುತ್ತಿದೆ. ಬೆಲ್ಜಿಯಂನ ಮಾನ್ಸ್ ಹತ್ತಿರದ ಸೇಂಟ್ ಸಿಂಫೋರಿಯನ್ ಸ್ಮಶಾನದಲ್ಲಿರುವ ಕಲ್ಲಿನ ಮೇಲೆ 21 ಆಗಸ್ಟ್ 1914, ವಯಸ್ಸು 20 ಎಂದಿದೆ. ಬೇರೆಲ್ಲ ಕಡೆ 17 ಅಂತಾರೆ. ಸತ್ತದ್ದು 23ರಂದು ಅನ್ನುವವರೂ ಇದ್ದಾರೆ. ಕಲ್ಲನ್ನೇ ನಂಬಬಹುದೇ? ಮೂಲ ದಾಖಲೆ ನೋಡಬೇಕೆಂದರೆ ಎಲ್ಲಿಂದ ಶುರುಮಾಡಬೇಕು?

ಫಿರಂಗಿ:
ವಯಸ್ಸಿನ ವಿಷಯ ಸುಲಭ. 17 ಅಂತಲೇ ಬರೆಯಿರಿ. ಹುಡುಗ ಹುಟ್ಟಿದ್ದು 1897ರಲ್ಲಿ, ಲಂಡನ್ ಉತ್ತರದ ಫಿಂಚ್ಲಿಯಲ್ಲಿ. ಅಪ್ಪ ಹಾಲು ಮಾರುತ್ತಿದ್ದವರು. ಹುಡುಗ ಗಾಲ್ಫ್ ಕ್ಲಬ್ಬಿನಲ್ಲಿ ಆಟಗಾರರ ಚೀಲ ಹೊರುತ್ತಿದ್ದ. 1912ರಲ್ಲಿ ಮಿಡ್ಲ್‌ಸೆಕ್ಸ್ ರೆಜಿಮೆಂಟಿಗೆ ಸೇರುವಾಗ 15 ವರ್ಷ, ಹೇಳಿದ್ದು 18 ವರ್ಷ 1 ತಿಂಗಳು. ಜನನ ಪತ್ರ ಕೇಳುವ ಪದ್ಧತಿಯೇ ಆಗ ಇರಲಿಲ್ಲ. ಎತ್ತರ, ಎದೆಯ ಸುತ್ತಳತೆ, ಕಣ್ಣು, ಹಲ್ಲು ನೋಡಿ ತೆಗೆದುಕೊಳ್ಳುತ್ತಿದ್ದರು. ಇವನು ಐದು ಅಡಿ ಮೂರು ಇಂಚು.

ಆ ಹೆಚ್ಚಿನ ಮೂರು ವರ್ಷ ಸೇರುವಾಗ ಮಾತ್ರ ಕೆಲಸಕ್ಕೆ ಬಂದದ್ದಲ್ಲ. ಸೈನ್ಯಕ್ಕೆ ಸೇರಲು 18, ಹೊರದೇಶದಲ್ಲಿ ಹೋರಾಡಲು 19 ಆಗಿರಬೇಕಿತ್ತು. 1914ರ ಆಗಸ್ಟಿನಲ್ಲಿ ಸೈನ್ಯದ ಲೆಕ್ಕಕ್ಕೆ ಅವನಿಗೆ 20, ಹಾಗಾಗಿ ಹಡಗು ಹತ್ತಿದ. ನಿಜವಾದ ವಯಸ್ಸು ಬರೆಸಿದ್ದರೆ ಇಂಗ್ಲೆಂಡಿನಲ್ಲೇ ಉಳಿಯುತ್ತಿದ್ದ.

ಸೈಕಲ್‌ಸವಾರ:
ತಾರೀಖಿನ ವಿಷಯ ಅಷ್ಟು ಸಲೀಸಲ್ಲ. ಒಪ್ಪಿತ ಕಥೆ ಹೀಗಿದೆ: ಪಾರ್ ಇದ್ದ ರೆಜಿಮೆಂಟಿನ 4ನೇ ಬೆಟಾಲಿಯನ್ ಫ್ರಾನ್ಸ್ ಗಡಿಯ ಬೆಟಿನ್ಯಿ ಬಳಿ ಇದ್ದಾಗ ಪಾರ್ ಮತ್ತು ಇನ್ನೊಬ್ಬ ಸೈಕಲ್ ಸ್ಕೌಟ್ ಶತ್ರು ಎಲ್ಲಿದ್ದಾನೆ ನೋಡಲು ಮಾನ್ಸ್ ಹತ್ತಿರದ ಒಬೂರ್ ಹಳ್ಳಿ ಕಡೆ ಹೋದರು. ಜರ್ಮನ್ ಕುದುರೆ ದಳ ಎದುರಾಯಿತು. ಜೊತೆಗಾರ ಸುದ್ದಿ ಮುಟ್ಟಿಸಲು ಹಿಂದಿರುಗಿದ, ಪಾರ್ ತಡೆದು ನಿಂತು ಸತ್ತ.

ತಕರಾರು ಎಲ್ಲಿದೆ ಅಂದರೆ, ಬ್ರಿಟಿಷ್ ಸೈನ್ಯ ಆ ರಂಗದಲ್ಲಿ ಹಾರಿಸಿದ ಮೊದಲ ಗುಂಡು 22ರ ಬೆಳಗ್ಗೆ ಕಾಸ್ತೋ ಊರಿನ ಬಳಿಯದು ಅಂತ ಪುಸ್ತಕಗಳಲ್ಲಿದೆ. 21ಕ್ಕೇ ಪಾರ್ ಗುಂಡಿನ ಕಾಳಗ ನಡೆಸಿದ್ದರೆ ಆ ಮಾತು ನಿಲ್ಲುವುದಿಲ್ಲ. ಅದಕ್ಕೇ ಕೆಲವರು ತಮ್ಮ ಕಡೆಯವರದೇ ಗುಂಡು ತಗುಲಿರಬೇಕು ಅನ್ನುತ್ತಾರೆ, ಇನ್ನು ಕೆಲವರು 23ರ ಮಾನ್ಸ್ ಕದನದಲ್ಲಿ ಸತ್ತ ಅನ್ನುತ್ತಾರೆ. ಅಂದು ಒಬೂರ್ ಕಾಲುವೆ ಕಾಯುತ್ತಿದ್ದದ್ದು ಇದೇ ಬೆಟಾಲಿಯನ್. ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 400ಕ್ಕೂ ಹೆಚ್ಚು ಜನ ಕೈತಪ್ಪಿದರು.

ಅಂದೇ ಬ್ರಿಟಿಷರ ಹಿಂದೆಗೆತ ಶುರುವಾಗಿ ಆ ನೆಲ 1918ರ ನವೆಂಬರ್‌ವರೆಗೂ ಜರ್ಮನ್ನರ ಕೈಯಲ್ಲಿತ್ತು. ಹಾಜರಿ ಕೂಗಿದಾಗ ಇಲ್ಲದವನು ಸತ್ತನೋ, ಸೆರೆಯಾದನೋ ಹೇಳುವವರಿಲ್ಲ. ತಾಯಿ ಪತ್ರ ಬರೆದು ವಿಚಾರಿಸಿದರೂ ರೆಜಿಮೆಂಟಿನಿಂದ ಸರಿಯಾದ ಉತ್ತರ ಸಿಗಲಿಲ್ಲ. ಇನ್ನೊಂದು ತೊಂದರೆ, ಆಗ ಕುತ್ತಿಗೆಯಲ್ಲಿ ಇರುತ್ತಿದ್ದದ್ದು ಒಂದೇ ಗುರುತಿನ ಬಿಲ್ಲೆ. ಸಾವಿನ ಸಾಕ್ಷಿಗೆಂದು ಅದನ್ನು ಬಿಚ್ಚಿಕೊಂಡರೆ ಹೆಣಕ್ಕೆ ಹೆಸರಿರಲ್ಲ. ದೇಹದ ಜೊತೆ ಉಳಿಯುವ ಹಸಿರು ಬಿಲ್ಲೆ, ಬಿಚ್ಚಿಕೊಳ್ಳುವ ಕೆಂಪು ಬಿಲ್ಲೆ ಅಂತ ಎರಡು ಬಂದದ್ದು 1916ರಲ್ಲಿ. ನನ್ನ ಮಟ್ಟಿಗೆ ‘21 ಆಗಸ್ಟ್ ಎಂದು ದಾಖಲಾಗಿದೆ’ ಅನ್ನುವುದೇ ಸುರಕ್ಷಿತ.

ದಫ್ತರದವ:
ಹುಡುಕುವ ಕ್ರಮ: ಮೊದಲು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ (ಯುದ್ಧದಲ್ಲಿ ಸತ್ತವರ ಸಮಾಧಿ ನೋಡಿಕೊಳ್ಳುವ ಸಂಸ್ಥೆ) ಜಾಲತಾಣ. ಅಲ್ಲಿ ಸೇವಾ ಸಂಖ್ಯೆ ಸಿಗುತ್ತದೆ, ಇವನದು ಎಲ್/14196. ಈ ರೆಜಿಮೆಂಟಿನಲ್ಲಿ ‘ಎಲ್’ ಅಂದರೆ ಕಾಯಂ ಸೈನಿಕ, ಯುದ್ಧಕಾಲಕ್ಕೆಂದು ಸೇರಿದವರಿಗೆ ‘ಜಿ’. ಇಷ್ಟರಿಂದಲೇ ಯುದ್ಧಕ್ಕೆ ಮುಂಚೆ ಸೇರಿದವನು ಅಂತ ಗೊತ್ತಾಗುತ್ತದೆ. ಮುಂದಿನ ಹುಡುಕಾಟವೆಲ್ಲ ಹೆಸರಿಗಿಂತ ಈ ಸಂಖ್ಯೆ ಹಿಡಿದು ಮಾಡಿ. ಒಂದೇ ಹೆಸರಿನವರು ರಾಶಿ ಇರುತ್ತಾರೆ.

ಆಮೇಲೆ ಬ್ರಿಟನ್ನಿನ ರಾಷ್ಟ್ರೀಯ ದಾಖಲೆಸಂಗ್ರಹದಲ್ಲಿ ಡಬ್ಲ್ಯೂಓ (ವಾರ್ ಆಫೀಸ್, ಅಂದರೆ ಯುದ್ಧ ಇಲಾಖೆಯ ಕಡತ) 372, ಅಂದರೆ ಪದಕಗಳ ಚೀಟಿ. ಬೆಟಾಲಿಯನ್ ದಿನಚರಿ ಡಬ್ಲ್ಯೂಓ 95ರಲ್ಲಿ. ಅದರಲ್ಲಿ ಅಧಿಕಾರಿಗಳ ಹೆಸರು ಬರುತ್ತದೆ, ಸಾಮಾನ್ಯ ಸೈನಿಕರದು ಅಪರೂಪ. ಸಾಮಾನ್ಯ ಸೈನಿಕರ ಸೇವಾ ಕಡತಗಳು ಡಬ್ಲ್ಯೂಓ 363, ಆದರೆ 1940ರ ಸೆಪ್ಟೆಂಬರಿನ ಬಾಂಬ್ ದಾಳಿಯಲ್ಲಿ ಅರ್ಧಕ್ಕೂ ಹೆಚ್ಚು ಸುಟ್ಟುಹೋಗಿವೆ. ವಯಸ್ಸಿಗೆ ಜನನ ನೋಂದಣಿ ಮತ್ತು 1911ರ ಜನಗಣತಿಯನ್ನು ತಾಳೆ ನೋಡಿ. ಇವೆರಡೂ ಸೈನ್ಯದ ಹೊರಗಿನವು.

ಹಳೇಕಡತ:
ಹಾಗಾದರೆ ಕಲ್ಲಿನ ಮೇಲಿನ 20 ಸೈನ್ಯದ ಕಡತದಿಂದಲೇ ಬಂತು ಅಂತ ಬರೆದುಬಿಡಲೇ?

ದಫ್ತರದವ:
ಬೇಡ. ಕಲ್ಲುಗಳ ವಯಸ್ಸು ಸಾಮಾನ್ಯವಾಗಿ ಮನೆಯವರಿಗೆ ಕಳಿಸಿದ ಫಾರಂನಿಂದ ಬರುತ್ತಿತ್ತು. ‘ಸೇರುವಾಗ ಹೇಳಿದ ವಯಸ್ಸಿಗೆ ಹೊಂದುತ್ತದೆ’ ಅಂದರೆ ಸಾಕು.

ಸೈಕಲ್‌ಸವಾರ:
ಶೀರ್ಷಿಕೆಯಲ್ಲಿ ‘ಮೊದಲ ಬ್ರಿಟಿಷ್ ಸಾವು’ ಅಂತ ಹಾಕಬೇಡಿ. ಆಗಸ್ಟ್ 6ರಂದೇ ‘ಆಂಫಿಯನ್’ ಯುದ್ಧನೌಕೆ ಜರ್ಮನ್ನರು ಸಮುದ್ರದಲ್ಲಿ ಹಾಕಿದ್ದ ಮೈನ್‌ಗೆ (ತಗುಲಿದರೆ ಸಿಡಿಯುವ ಬಾಂಬ್) ತಗುಲಿ ಮುಳುಗಿ ನೂರಕ್ಕೂ ಹೆಚ್ಚು ನಾವಿಕರು ಸತ್ತಿದ್ದರು. ಪಾರ್ ಸಮಾಧಿಯ ಎದುರು ಸಾಲಿನಲ್ಲಿರುವ ಜಾರ್ಜ್ ಎಲಿಸನ್ (11 ನವೆಂಬರ್ 1918, ವಯಸ್ಸು 40) ಈ ಯುದ್ಧದಲ್ಲಿ ಸತ್ತ ಕೊನೆಯ ಬ್ರಿಟಿಷ್ ಸೈನಿಕ. ಅಂದೇ 10:58ಕ್ಕೆ ಸತ್ತ ಜಾರ್ಜ್ ಪ್ರೈಸ್ ಕೆನಡಾದವನು, ಅವನ ಸಮಾಧಿಯೂ ಅಲ್ಲೇ ಇದೆ. ಇವರಿಬ್ಬರನ್ನು ಅದಲುಬದಲು ಮಾಡಿದ ಬರಹಗಳು ಬೇಕಾದಷ್ಟಿವೆ. ಮೊದಲಿಗ–ಕೊನೆಯವನನ್ನು ಬೇಕೆಂದೇ ಎದುರುಬದುರು ಹೂತರು ಅನ್ನುವುದೂ ಸುಳ್ಳು, ಅದು ಆಕಸ್ಮಿಕ.