ಲೋಡ್ ಹಾಕಿದರೆ 44 ಹರ್ಟ್ಸ್, 213 ವೋಲ್ಟ್: ಎವಿಆರ್ ತಿರುಗಿಸಬೇಕೋ, ವೇಗ ಏರಿಸಬೇಕೋ?

ಪ್ರಶ್ನೆ:
10 ಕೆವಿಎ ಸಿಂಗಲ್ ಫೇಸ್ ಡೀಸೆಲ್ ಜನರೇಟರ್, 4 ಪೋಲ್ (ಕಾಂತ ಧ್ರುವ), ಎವಿಆರ್ (ವೋಲ್ಟೇಜ್ ತಾನಾಗಿಯೇ ಹಿಡಿದಿಡುವ ಸರ್ಕ್ಯೂಟ್) ಇದೆ. ಲೋಡ್ ಇಲ್ಲದಾಗ 50 ಹರ್ಟ್ಸ್, 230 ವೋಲ್ಟ್. ಪಂಪ್, ದೀಪ ಸೇರಿ ಸುಮಾರು 6 ಕಿಲೋವ್ಯಾಟ್ ಹಾಕಿದರೆ 44 ಹರ್ಟ್ಸ್, 213 ವೋಲ್ಟ್‌ಗೆ ಇಳಿಯುತ್ತದೆ. ಎವಿಆರ್‌ನ ವೋಲ್ಟ್ ಪಾಟ್ (ವೋಲ್ಟೇಜ್ ಹೊಂದಿಸುವ ತಿರುಪು) ತಿರುಗಿಸಿ 230ಕ್ಕೆ ತಂದರೆ ಸಾಕೇ?

ಉತ್ತರ 1:
ಪಾಟ್ ಮುಟ್ಟಬೇಡಿ ಸರ್, ತೊಂದರೆ ಎಂಜಿನ್ ಕಡೆ ಇದೆ. ಫ್ರೀಕ್ವೆನ್ಸಿಯನ್ನು ನಿರ್ಧರಿಸುವುದು ವೇಗ ಮಾತ್ರ: ಪೋಲ್ ಸಂಖ್ಯೆಯನ್ನು ಆರ್‌ಪಿಎಂನಿಂದ ಗುಣಿಸಿ 120ರಿಂದ ಭಾಗಿಸಿ. 4 ಪೋಲ್‌ಗೆ 1500 ಆರ್‌ಪಿಎಂ ಅಂದರೆ 50 ಹರ್ಟ್ಸ್. ನಿಮ್ಮದು ಲೋಡ್‌ನಲ್ಲಿ 1320ಕ್ಕೆ ಇಳಿದಿದೆ.

ವೇಗ ಸ್ವಲ್ಪ ಇಳಿದರೆ ಎವಿಆರ್ ಫೀಲ್ಡ್ (ಕಾಂತ ಉಂಟುಮಾಡುವ ಸುರುಳಿ) ಕರೆಂಟ್ ಹೆಚ್ಚಿಸಿ ವೋಲ್ಟೇಜ್ ಹಿಡಿದಿಡುತ್ತದೆ. ಒಂದು ಮಿತಿ ದಾಟಿದರೆ, 50 ಹರ್ಟ್ಸ್ ಯಂತ್ರದಲ್ಲಿ ಸಾಮಾನ್ಯವಾಗಿ 47ರ ಆಸುಪಾಸು, ಅದು ತಾನಾಗಿಯೇ ವೋಲ್ಟೇಜ್ ಇಳಿಸುತ್ತದೆ. ಫೀಲ್ಡ್ ಸುರುಳಿ ಸುಡಬಾರದು, ಎಂಜಿನ್‌ಗೂ ಹೊರೆ ತಗ್ಗಬೇಕು ಅಂತಲೇ ಈ ವ್ಯವಸ್ಥೆ. ಮಿತಿ 47.5 ಅಂದುಕೊಂಡರೆ 230 × 44 ÷ 47.5 = 213. ನಿಮ್ಮ ಎವಿಆರ್ ಸರಿಯಾಗಿಯೇ ಕೆಲಸ ಮಾಡುತ್ತಿದೆ.

ಈಗ ಪಾಟ್ ತಿರುಗಿಸಿ 44ರಲ್ಲಿ 230 ತಂದರೆ, ಪಂಪ್ ನಿಂತ ಕ್ಷಣ ವೇಗ ಏರಿ ದೀಪಗಳಿಗೆ 248 ವೋಲ್ಟ್ ಹೋಗುತ್ತದೆ. ಪಂಪ್ ಓಡುವಾಗಲೂ ಕ್ಷೇಮವಲ್ಲ: ಕಡಿಮೆ ಫ್ರೀಕ್ವೆನ್ಸಿಯಲ್ಲಿ ಪೂರ್ತಿ ವೋಲ್ಟೇಜ್ ಕೊಟ್ಟರೆ ಮೋಟಾರ್ ಕೋರ್‌ನ ಫ್ಲಕ್ಸ್ (ಕಾಂತೀಯತೆ) ಶೇ 13ಕ್ಕೂ ಹೆಚ್ಚು ಏರಿ, ಕರೆಂಟ್ ಜಾಸ್ತಿ ಎಳೆದು ಬಿಸಿಯಾಗುತ್ತದೆ.

ಉತ್ತರ 2:
ಮೇಲಿನದು ಸರಿ. ಹಾಗಂತ ಗವರ್ನರ್ (ಲೋಡ್‌ಗೆ ತಕ್ಕಂತೆ ಡೀಸೆಲ್ ಹೊಂದಿಸಿ ಎಂಜಿನ್ ವೇಗ ಕಾಯುವ ಭಾಗ) ಸ್ಕ್ರೂ ಮಾತ್ರ ತಿರುಗಿಸಿ ಸುಮ್ಮನಾಗಬೇಡಿ. ಮೆಕ್ಯಾನಿಕಲ್ ಗವರ್ನರ್‌ಗೆ ಖಾಲಿ ಓಟದಿಂದ ಫುಲ್ ಲೋಡ್‌ಗೆ ಶೇ 4–5 ಇಳಿತ ಸಹಜ: ಖಾಲಿ 52, ಫುಲ್ ಲೋಡ್ 50. 10 ಕೆವಿಎ ಸೆಟ್‌ಗೆ ಫುಲ್ ಲೋಡ್ ಸಾಮಾನ್ಯವಾಗಿ 8 ಕಿಲೋವ್ಯಾಟ್; ನಿಮ್ಮದು ಮುಕ್ಕಾಲು ಲೋಡ್‌ಗೇ 6 ಹರ್ಟ್ಸ್ ಇಳಿದಿದೆ. ಲೋಡ್‌ನಲ್ಲಿ 50 ಬರಲಿ ಅಂತ ಖಾಲಿ ಓಟವನ್ನು 56ಕ್ಕೆ ಏರಿಸಿದರೆ, ಬೇರೆ ಲೋಡ್ ಇಲ್ಲದೆ ಪಂಪ್ ಒಂದೇ ಓಡುವಾಗ ಅದಕ್ಕೆ ಹೆಚ್ಚು ಫ್ರೀಕ್ವೆನ್ಸಿ ಸಿಗುತ್ತದೆ. ಸೆಂಟ್ರಿಫ್ಯೂಗಲ್ ಪಂಪ್ ಎಳೆಯುವ ಶಕ್ತಿ ವೇಗದ ಘನದಂತೆ ಏರುವುದರಿಂದ ಮೋಟಾರ್‌ಗೆ ಅದು ಭಾರ.

ಲೋಡ್ ಹಾಕಿ ಫ್ಯೂಯಲ್ ಪಂಪ್‌ನ ಕಂಟ್ರೋಲ್ ಲಿವರ್ ನೋಡಿ, ಗಾಳಿ ಫ್ಯಾನ್ ಕಡೆ ಕೈ ಹಾಕದೆ. ವೇಗ ಬಿದ್ದರೂ ಲಿವರ್ ನಡುವೆಯೇ ನಿಂತಿದ್ದರೆ ದೋಷ ಗವರ್ನರ್‌ನದ್ದು: ಸ್ಪ್ರಿಂಗ್ ಸೋತಿದೆ, ಇಲ್ಲವೇ ಲಿಂಕ್‌ನ ಪಿನ್ ಸವೆದು ಆಟ ಬಂದಿದೆ. ಲಿವರ್ ಫುಲ್ ಸ್ಟಾಪ್‌ಗೆ ತಾಗಿಯೂ ವೇಗ ಬಾರದಿದ್ದರೆ ಗವರ್ನರ್ ತಪ್ಪಿಲ್ಲ. ಆಗ ಹೊಗೆ ನೋಡಿ: ಕಪ್ಪಗಿದ್ದರೆ ಗಾಳಿ ಸಾಲದು, ಇಂಜೆಕ್ಟರ್ ಕೆಟ್ಟಿದೆ ಅಥವಾ ಲೋಡ್ ಅತಿ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಸಾಲುತ್ತಿಲ್ಲ.

ಪ್ರಶ್ನೆ ಕೇಳಿದವರು:
ಲಿವರ್ ಸ್ಟಾಪ್‌ಗೆ ತಾಗುತ್ತಿದೆ, ಹೊಗೆ ಇಲ್ಲ.

ಉತ್ತರ 2:
ಹಾಗಾದರೆ ಡೀಸೆಲ್ ಫಿಲ್ಟರ್ ಬದಲಿಸಿ, ಟ್ಯಾಂಕ್ ಮುಚ್ಚಳದ ಗಾಳಿ ರಂಧ್ರ ಕಟ್ಟಿದೆಯೇ ನೋಡಿ, ಬ್ಲೀಡ್ ಸ್ಕ್ರೂ (ಡೀಸೆಲ್ ಲೈನ್‌ನ ಗಾಳಿ ಬಿಡುವ ತಿರುಪು) ಸಡಿಲಿಸಿ ಗುಳ್ಳೆ ನಿಲ್ಲುವವರೆಗೆ ಡೀಸೆಲ್ ಹರಿಸಿ. ಎಂಜಿನ್ ಬಿಸಿಯಾದ ಮೇಲೆ ಖಾಲಿ ಓಟವನ್ನು 1560 ಆರ್‌ಪಿಎಂಗೆ ಇಟ್ಟು ಲಾಕ್ ನಟ್ ಬಿಗಿಮಾಡಿ. ಮಲ್ಟಿಮೀಟರ್‌ನ ಹರ್ಟ್ಸ್ ಓದು ಕುಣಿದಾಡಿದರೆ ನಂಬಬೇಡಿ, ಎವಿಆರ್ ಸೆಟ್‌ಗಳ ಅಲೆ ಕೆಲವೊಮ್ಮೆ ಅದನ್ನು ದಾರಿ ತಪ್ಪಿಸುತ್ತದೆ. ಟ್ಯಾಕೋಮೀಟರ್ ಹಿಡಿದು ಆರ್‌ಪಿಎಂ ಅನ್ನು 30ರಿಂದ ಭಾಗಿಸಿ. ವೋಲ್ಟ್ ಪಾಟ್ ಸರದಿ ಇದಾದ ಮೇಲೆಯೇ, ಬೇಕಿದ್ದರೆ ಮಾತ್ರ.

ಉತ್ತರ 3:
ಎವಿಆರ್‌ನಲ್ಲಿ 50/60 ಜಂಪರ್ (50 ಅಥವಾ 60 ಹರ್ಟ್ಸ್ ಆರಿಸುವ ಸಣ್ಣ ಕೊಂಡಿ) ಇದ್ದರೆ ಅದನ್ನೂ ನೋಡಿಡಿ. 60ರಲ್ಲಿದ್ದರೆ ಸರಿಯಾದ 1500ರಲ್ಲೂ ವೋಲ್ಟೇಜ್ ಇಳಿದೇ ಇರುತ್ತದೆ. ನಿಮಗೆ ಖಾಲಿಯಲ್ಲಿ 230 ಬರುತ್ತಿರುವುದರಿಂದ ಬಹುಶಃ ಸರಿಯಾಗಿಯೇ ಇದೆ.

ಇದನ್ನು ಓದುವವರಲ್ಲಿ ಎವಿಆರ್ ಇಲ್ಲದ, ಕೆಪಾಸಿಟರ್ ಇರುವ ಸಣ್ಣ 2 ಪೋಲ್ ಸೆಟ್ ಇಟ್ಟವರಿಗೆ ಒಂದು ಮಾತು. ಅವಕ್ಕೆ 50 ಹರ್ಟ್ಸ್ ಅಂದರೆ 3000 ಆರ್‌ಪಿಎಂ. ವೇಗ ಏರಿದಂತೆ ಕೆಪಾಸಿಟರ್ ಕರೆಂಟ್ ಕೂಡ ಏರುವುದರಿಂದ ವೋಲ್ಟೇಜ್ ಫ್ರೀಕ್ವೆನ್ಸಿಗಿಂತ ಬೇಗ ಏರುತ್ತದೆ. ವೇಗ ಸರಿಯಿದ್ದೂ ವೋಲ್ಟೇಜ್ ಕಡಿಮೆ ಇದ್ದರೆ ಮೊದಲ ಅನುಮಾನ ಕೆಪಾಸಿಟರ್ ಮೇಲೆ. ಎಂಜಿನ್ ನಿಲ್ಲಿಸಿ, ರೆಸಿಸ್ಟರ್ ಮೂಲಕ ಡಿಸ್ಚಾರ್ಜ್ ಮಾಡಿ, ಅದೇ ಮೈಕ್ರೋಫ್ಯಾರಡ್‌ನದ್ದೇ ಹಾಕಿ. ಕೆಪಾಸಿಟರ್‌ನ ಕೊರತೆ ತುಂಬಲು ವೇಗ ಏರಿಸುವುದು ತಪ್ಪು.