ಸಣ್ಣ ಹಾಯಿದೋಣಿಯ ಮಲಗುವ ಕ್ಯಾಬಿನ್ನಿಗೆ ಕಿಟಕಿ ಕೂಡಿಸುವ ಬಗ್ಗೆ ಸಲಹೆ ಬೇಕು

ಬ್ರಹ್ಮಪುರದವ, ಕಲಬುರಗಿ:

ಎಲ್ಲರಿಗೂ ಶರಣು. ಕಾರವಾರದಲ್ಲಿರುವ ನನ್ನ ಭಾವಮೈದುನ ಮತ್ತು ನಾನು ಸೇರಿ 23 ಅಡಿ ಉದ್ದದ ಹಳೆಯ ಫೈಬರ್ ಹಾಯಿದೋಣಿಯೊಂದನ್ನು ಕೊಂಡಿದ್ದೇವೆ. ಕಾಳಿ ನದಿಯ ಅಳಿವೆಯ ಒಳಗೆ ಅದು ಲಂಗರು ಹಾಕಿ ನಿಂತಿರುತ್ತದೆ. ರಜೆಯಲ್ಲಿ ಮನೆಮಂದಿಯೆಲ್ಲ ಹೋಗಿ ದಂಡೆಗುಂಟ ಸುತ್ತಾಡಿ ರಾತ್ರಿ ಅದರಲ್ಲೇ ಮಲಗಬೇಕೆಂಬುದು ನಮ್ಮ ಉದ್ದೇಶ. ದೋಣಿಯ ಮೂತಿಯಲ್ಲಿ ಇಬ್ಬರು ಮಲಗುವಷ್ಟು ಜಾಗವಿದೆ, ಆದರೆ ಅಲ್ಲಿ ಒಂದೂ ಕಿಟಕಿಯಿಲ್ಲ. ಹಗಲು ಹೊತ್ತಿನಲ್ಲೂ ಟಾರ್ಚ್ ಹಿಡಿದು ಹಾಸಿಗೆ ತಡಕಬೇಕಾಗುತ್ತದೆ. ಕಲಬುರಗಿಯ ಮೇ ತಿಂಗಳನ್ನು ಕಂಡವರಿಗೆ ಸೆಕೆ ಹೊಸದಲ್ಲ, ಆದರೂ ನಮ್ಮ ಒಣ ಬಿಸಿಲೇ ಬೇರೆ, ಕರಾವಳಿಯ ಬೆವರೇ ಬೇರೆ.

ಡೆಕ್ಕಿನಿಂದ ಮೇಲಕ್ಕೆ ಎದ್ದಿರುವ ಕ್ಯಾಬಿನ್ ಗೋಡೆಯ ಎರಡೂ ಪಕ್ಕಕ್ಕೆ 600ಕ್ಕೆ 180 ಮಿ.ಮೀ. ಅಳತೆಯ ಕಿಟಕಿಗಳನ್ನು ಕೊರೆದು, ಇಲ್ಲಿಯ ಸೂಪರ್ ಮಾರ್ಕೆಟ್ಟಿನ ನಾಮಫಲಕದ ಅಂಗಡಿಯಲ್ಲಿ ಅಕ್ರಿಲಿಕ್ ಹಾಳೆಯನ್ನು ಕತ್ತರಿಸಿಕೊಂಡು ಒಯ್ದು ಸ್ಕ್ರೂ ಹೊಡೆಯಬಹುದೆಂದು ನನ್ನ ಲೆಕ್ಕಾಚಾರ. ಭಾವಮೈದುನನದು ಬೇರೆಯೇ ವಾದ. ದೋಣಿಯ ಒಡಲಿಗೇ ತೆರೆದು ಮುಚ್ಚುವ ದುಂಡು ಕಿಟಕಿಗಳನ್ನು ಹಾಕಿದರೆ ಮಲಗಿದಲ್ಲಿಂದಲೇ ನೀರು ಕಾಣುತ್ತದೆ, ಗಾಳಿಯೂ ಆಡುತ್ತದೆ ಎನ್ನುತ್ತಾನೆ. ಇವೆರಡರಲ್ಲಿ ಯಾವುದು ಸರಿ, ಯಾವ ಹಾಳೆ ಬಳಸಬೇಕು, ಅಂಟಿಸಬೇಕೋ ಬೋಲ್ಟ್ ಹಾಕಬೇಕೋ ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಬಾಡಿ ಕೆಲಸದವ, ಯಾದಗಿರಿ:

ಸರ, ದೋಣಿಯ ಅನುಭವ ನನಗಿಲ್ಲ. ಬಸ್ಸು, ಟೆಂಪೋಗಳ ಬಾಡಿ ಕಟ್ಟುವುದು ನಮ್ಮ ಕಸುಬು. ಕಿಟಕಿ ಕೊರೆಯುವಾಗ ಮೂಲೆಗಳನ್ನು ಚೌಕವಾಗಿ ಬಿಡಬೇಡಿ ಎಂಬ ಮಾತನ್ನು ಮಾತ್ರ ಯಾವ ಬಾಡಿಗಾದರೂ ಹೇಳಬಲ್ಲೆ, ಏಕೆಂದರೆ ಬಿರುಕು ಹುಟ್ಟುವುದೇ ಚೂಪು ಮೂಲೆಯಲ್ಲಿ. ಮೊದಲು ನಾಲ್ಕೂ ಮೂಲೆಗೆ ಹೋಲ್ ಸಾ ಹಾಕಿ ದುಂಡು ರಂಧ್ರ ಮಾಡಿಕೊಂಡು, ಆ ರಂಧ್ರಗಳನ್ನು ಜಿಗ್‌ಸಾದಿಂದ ಕೂಡಿಸುತ್ತ ಹೋಗಿ. ಜಿಗ್‌ಸಾದ ಅಡಿತಟ್ಟೆಗೆ ಕಾಗದದ ಟೇಪು ಅಂಟಿಸಿದರೆ ಫೈಬರಿನ ಮೇಲ್ಮೈಗೆ ಗೀರು ಬೀಳುವುದಿಲ್ಲ.

ಕೂಡಿಸುವುದಕ್ಕೆ ಬಸ್ಸಿನ ಗಾಜಿಗೆ ಹಾಕುವ ರಬ್ಬರ್ ಬೀಡಿಂಗೇ ಸುಲಭವೆಂದು ನನ್ನ ಅಭಿಪ್ರಾಯ. ಬೀಡಿಂಗಿನ ಒಂದು ಸೀಳಿನಲ್ಲಿ ಬಾಡಿಯ ಅಂಚು, ಇನ್ನೊಂದು ಸೀಳಿನಲ್ಲಿ ಗಾಜು ಕೂರುತ್ತದೆ, ನಡುವೆ ಫಿಲ್ಲರ್ ಪಟ್ಟಿ ಎಳೆದರೆ ಬಿಗಿಯಾಗುತ್ತದೆ. ಟಫನ್ಡ್ ಗಾಜನ್ನೇ ಹಾಕುವುದಾದರೆ ರಟ್ಟಿನ ಅಚ್ಚು ಕೊಟ್ಟು ಮಾಡಿಸಿಕೊಳ್ಳಿ. ಒಮ್ಮೆ ಹದಗೊಂಡ ಗಾಜನ್ನು ಆಮೇಲೆ ಕತ್ತರಿಸಲು, ಕೊರೆಯಲು ಬರುವುದಿಲ್ಲ.

ಮಾಂಜ್ರಾ, ಬೀದರ್:

ನಾನು ಬೀದರಿನವನಾದರೂ ಕರಾವಳಿಯ ದೋಣಿ ಯಾರ್ಡೊಂದರಲ್ಲಿ ಬಹುಕಾಲ ದುಡಿದವನು. ತಾವು ಬೆಳಕು ಮತ್ತು ಗಾಳಿ ಎರಡನ್ನೂ ಒಂದೇ ಕಿಟಕಿಯಿಂದ ಬಯಸುತ್ತಿದ್ದೀರಿ, ತೊಡಕಿರುವುದು ಅಲ್ಲಿಯೇ. ಲಂಗರು ಹಾಕಿದ ದೋಣಿ ಗಾಳಿ ಬೀಸುವ ಕಡೆಗೆ ಮೂತಿ ತಿರುಗಿಸಿ ನಿಲ್ಲುತ್ತದೆ, ಹಾಗಾಗಿ ಪಕ್ಕದ ಕಿಟಕಿಗಳನ್ನು ಗಾಳಿ ಸವರಿಕೊಂಡು ಹೋಗುತ್ತದೆಯೇ ಹೊರತು ಒಳಗೆ ನುಗ್ಗುವುದಿಲ್ಲ. ಅಳಿವೆಯಲ್ಲಿ ಉಬ್ಬರ ಇಳಿತದ ಸೆಳೆತ ಜೋರಾದಾಗ ದೋಣಿ ನೀರಿಗೆ ಎದುರಾಗಿ ನಿಲ್ಲುವುದೂ ಉಂಟು, ಆದರೆ ಅದನ್ನೇ ನಂಬಿ ಕಿಟಕಿ ಕೊರೆಯಲಾಗದು. ಗಾಳಿ ಬೇಕಾದರೆ ಹಾಸಿಗೆಯ ಮೇಲೆ ಡೆಕ್ಕಿಗೆ ಒಂದು ಹ್ಯಾಚ್, ಎಂದರೆ ಮುಚ್ಚಳವಿರುವ ಕಿಂಡಿ, ಹಾಕಿಸಿ. ಪಕ್ಕದ ಕಿಟಕಿಗಳು ಬೆಳಕಿಗೆ ಮಾತ್ರ ಇರಲಿ, ಅವು ತೆರೆಯುವುದೇ ಬೇಡ.

ನಮ್ಮ ಕಡೆಯ ಮಾಳಿಗೆ ಮನೆಯ ಬೆಳಕಿಂಡಿಯನ್ನು ನೆನಪಿಸಿಕೊಳ್ಳಿ. ಅದರ ಸುತ್ತ ಗೇಣಷ್ಟು ಕಟ್ಟೆ ಎಬ್ಬಿಸಿರುವುದರಿಂದಲೇ ಮಾಳಿಗೆಯ ಮೇಲೆ ಹರಿಯುವ ಮಳೆನೀರು ಒಳಗೆ ಇಳಿಯುವುದಿಲ್ಲ. ಹ್ಯಾಚಿನ ಚೌಕಟ್ಟಿಗೂ ಅಂಥದೇ ಎತ್ತರದ ಅಂಚು ಇರಬೇಕು. ಕೀಲು ಮುಂದಿನ ಅಂಚಿಗಿರಲಿ, ಏಕೆಂದರೆ ದೋಣಿ ಚಲಿಸುವಾಗ ಮುಂದಿನಿಂದ ಬಂದ ಅಲೆ ಮುಚ್ಚಳವನ್ನು ಕಿತ್ತೆಸೆಯದೆ ಒತ್ತಿ ಮುಚ್ಚುತ್ತದೆ. ಲಂಗರಿನಲ್ಲಿದ್ದಾಗ ಹ್ಯಾಚಿನ ಮೇಲೆ ಬಟ್ಟೆಯ ಗಾಳಿಚೀಲವನ್ನು ಕಟ್ಟಿ ಗಾಳಿಯನ್ನು ಕೆಳಕ್ಕೆ ತಿರುಗಿಸಿಕೊಳ್ಳಬಹುದು. ಮೂತಿಯಲ್ಲಿ ಮಲಗಿದವರಿಗೆ ಬೆಂಕಿ ಬಿದ್ದಾಗ ಹೊರಬರುವ ದಾರಿಯೂ ಇದೇ ಆದ್ದರಿಂದ, ಸಣ್ಣ ದೋಣಿಗಳ ಅಗ್ನಿಸುರಕ್ಷತೆಯ ಐಎಸ್‌ಒ 9094 ಮಾನದಂಡ ಹೇಳುವ ಕನಿಷ್ಠ ಅಳತೆಯನ್ನು ಬಿಡಬೇಡಿ: ದುಂಡಾಗಿದ್ದರೆ 450 ಮಿ.ಮೀ. ವ್ಯಾಸ, ಬೇರೆ ಆಕಾರವಾದರೆ ಯಾವ ಕಡೆಯೂ 380 ಮಿ.ಮೀ.ಗಿಂತ ಕಿರಿದಾಗದೆ 0.18 ಚದರ ಮೀಟರ್ ತೆರಪು. ಮಳೆಯಲ್ಲಿ ಹ್ಯಾಚ್ ಮುಚ್ಚಿದಾಗಲೂ ಗಾಳಿ ಬೇಕೆಂದರೆ ಡೊರೇಡ್ ಪೆಟ್ಟಿಗೆ ಇದೆ. 1930ರಲ್ಲಿ ನೀರಿಗಿಳಿದ ಡೊರೇಡ್ ಎಂಬ ಹಾಯಿನೌಕೆಯಿಂದ ಅದಕ್ಕೆ ಆ ಹೆಸರು ಬಂತು. ಪೆಟ್ಟಿಗೆಯೊಳಗೆ ಗಾಳಿ ಬರುವ ಕೊಳವೆ ಮತ್ತು ಕ್ಯಾಬಿನ್ನಿಗೆ ಇಳಿಯುವ ಕೊಳವೆ ನೇರಕ್ಕಿಲ್ಲದ್ದರಿಂದ, ಒಳಹೊಕ್ಕ ನೀರು ತಳದ ತೂತುಗಳಿಂದ ಡೆಕ್ಕಿಗೆ ಹರಿದುಹೋಗಿ ಗಾಳಿಯಷ್ಟೇ ಒಳಗೆ ಬರುತ್ತದೆ.

ಒಡಲಿಗೆ ಕಿಟಕಿ ಕೊರೆಯುವುದು ನನಗೆ ಸರ್ವಥಾ ಒಪ್ಪಿಗೆಯಿಲ್ಲ. ಹಾಯಿದೋಣಿ ಒಂದು ಪಕ್ಕಕ್ಕೆ ವಾಲಿದಾಗ ಆ ಪಕ್ಕದ ಒಡಲು ನೀರಿನಲ್ಲಿ ಮುಳುಗಿಯೇ ಸಾಗುತ್ತದೆ; ಆಗ ಯಾರಾದರೂ ಕಿಟಕಿ ಮುಚ್ಚಲು ಮರೆತಿದ್ದರೆ ಹಾಸಿಗೆ ಒದ್ದೆಯಾಗುವುದಕ್ಕೇ ಅದು ನಿಲ್ಲುವುದಿಲ್ಲ. ಸಣ್ಣ ದೋಣಿಗಳ ಕಿಟಕಿ, ಹ್ಯಾಚುಗಳ ಬಲವನ್ನು ಹೇಳುವ ಐಎಸ್‌ಒ 12216 ಕೂಡ ಕಿಟಕಿ ಯಾವ ಜಾಗದಲ್ಲಿದೆ ಎಂಬುದನ್ನು ನೋಡಿಯೇ ದಪ್ಪವನ್ನು ನಿಗದಿ ಮಾಡುತ್ತದೆ. ಯಾದಗಿರಿಯ ಅಣ್ಣನವರು ಮೂಲೆಗಳ ಬಗ್ಗೆ ಹೇಳಿದ್ದನ್ನು ಅಕ್ಷರಶಃ ಪಾಲಿಸಿ, ಆದರೆ ರಬ್ಬರ್ ಬೀಡಿಂಗ್ ಬೇಡ. ಹಳೆಯ ದೋಣಿಗಳಲ್ಲಿ ಅದೂ ಇತ್ತು. ಒಂದು ಘನ ಮೀಟರ್ ನೀರು ಒಂದು ಟನ್ ತೂಗುವುದರಿಂದ, ಅಂಥ ಅಲೆ ಅಪ್ಪಳಿಸಿದಾಗ ಗಾಜು ಬೀಡಿಂಗ್ ಸಮೇತ ಒಳಗೆ ಬಂದುಬಿಡಬಹುದು. ಅದರ ಬದಲು ರಂಧ್ರಕ್ಕಿಂತ ಸುತ್ತಲೂ 25 ಮಿ.ಮೀ. ದೊಡ್ಡದಾದ ಹಾಳೆಯನ್ನು ಹೊರಗಿನಿಂದ ಕೂಡಿಸಿದರೆ, ಅಲೆ ಹೊಡೆದಷ್ಟೂ ಅದು ಗೋಡೆಗೇ ಒತ್ತಿಕೊಳ್ಳುತ್ತದೆ.

ಇನ್ನು ಕೊರೆತದ ವಿಷಯ. ಗೋಡೆಯನ್ನೂ ಡೆಕ್ಕನ್ನೂ ಗಟ್ಟಿ ಫೈಬರ್ ಎಂದುಕೊಂಡು ಕೊರೆಯಬೇಡಿ, ಎರಡು ಪದರ ಫೈಬರಿನ ನಡುವೆ ಬಾಲ್ಸಾ ಮರ ತುಂಬಿರುವ ಸಾಧ್ಯತೆ ಹೆಚ್ಚು. ಹೋಲ್ ಸಾದಿಂದ ಹೊರಬಂದ ಬಿಲ್ಲೆಯನ್ನು ಬೆರಳಿನಿಂದ ಒತ್ತಿ ನೋಡಿ: ಮರ ಬಿಳುಪಾಗಿ ಒಣಗಿದ್ದರೆ ಸರಿ, ಕಪ್ಪಾಗಿ, ಹಿಂಡಿದರೆ ನೀರು ಒಸರಿ, ಕೊಳೆತ ವಾಸನೆ ಬಂದರೆ ಕಿಟಕಿಯ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ ಮೊದಲು ಗೋಡೆಯನ್ನು ಸರಿಪಡಿಸಿ. ಮರ ಒಣಗಿದ್ದರೂ ಅಂಚನ್ನು ತೆರೆದಿಡುವಂತಿಲ್ಲ. ಒಂದು ಮೊಳೆಯ ತುದಿ ಬಗ್ಗಿಸಿ ಡ್ರಿಲ್ಲಿಗೆ ಸಿಕ್ಕಿಸಿ, ಎರಡು ಪದರಗಳ ನಡುವಿನ ಮರವನ್ನು ಸುತ್ತಲೂ ಸುಮಾರು 12 ಮಿ.ಮೀ. ಆಳಕ್ಕೆ ಕೆರೆದು ತೆಗೆದು, ಆ ಸಂದನ್ನು ಪುಡಿ ಬೆರೆಸಿ ಗಟ್ಟಿ ಮಾಡಿದ ಎಪಾಕ್ಸಿ ಅಂಟಿನಿಂದ ತುಂಬಿ. ಬೇಸರದ ಕೆಲಸ ನಿಜ. ಇದನ್ನು ಮಾಡದಿದ್ದರೆ ಮುಂದೆ ಕಿಟಕಿ ಹನಿಯಷ್ಟು ಸೋರಿದರೂ ನೀರು ಮರಕ್ಕೆ ಇಳಿದು ಇಡೀ ಗೋಡೆ ಮೆತ್ತಗಾಗುತ್ತದೆ.

ಬ್ರಹ್ಮಪುರದವ, ಕಲಬುರಗಿ:

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಇಬ್ಬರಿಗೂ ಕೃತಜ್ಞತೆಗಳು. ಒಡಲಿನ ಕಿಟಕಿಯನ್ನು ಕೈಬಿಟ್ಟೆವು. ಭಾವಮೈದುನನಿಗೆ ಸ್ವಲ್ಪ ಬೇಜಾರಾಗಿದೆ, ಆದರೆ ಅಲೆಯ ತೂಕದ ಮಾತು ಅವನ ಬಾಯಿ ಕಟ್ಟಿತು. ಹಾಳೆ ಮತ್ತು ಅಂಟಿನ ಪ್ರಶ್ನೆ ಉಳಿದಿದೆ. ನಾಮಫಲಕದ ಅಂಗಡಿಯವರು 3 ಮಿ.ಮೀ. ಹಾಳೆಯೇ ಸಾಕು, ಬೇಕಾದರೆ ಪಾಲಿಕಾರ್ಬೊನೇಟ್ ಹಾಕಿ, ಅದು ಒಡೆಯುವುದೇ ಇಲ್ಲ ಎನ್ನುತ್ತಾರೆ.

ಅಕ್ರಿಲಿಕ್ ಕೆಲಸ, ಕಲಬುರಗಿ:

ಅಂಗಡಿಯವರು ಹೇಳಿದ್ದು ಫಲಕಕ್ಕೆ ಸರಿ, ದೋಣಿಗೆ ಸಾಲದು. ಕಾಸ್ಟ್ ಅಕ್ರಿಲಿಕ್ (ಅಚ್ಚಿಗೆ ಸುರಿದು ಮಾಡಿದ್ದು) ಎಂದೇ ಕೇಳಿ 8 ಅಥವಾ 10 ಮಿ.ಮೀ. ದಪ್ಪದ್ದನ್ನು ತರಿಸಿ; ಎಕ್ಸ್‌ಟ್ರೂಡೆಡ್ (ಯಂತ್ರದಿಂದ ಒತ್ತಿ ಹೊರತೆಗೆದ) ಹಾಳೆ ಅಗ್ಗವಾದರೂ ಬೇಗ ಕೂದಲೆಳೆಯ ಬಿರುಕು ಬಿಡುತ್ತದೆ. ಪಾಲಿಕಾರ್ಬೊನೇಟ್ ಹೊಡೆತಕ್ಕೆ ಜಗ್ಗುವುದಿಲ್ಲ ನಿಜ, ಆದರೆ ಬೇಗ ಗೀರು ಬೀಳುತ್ತದೆ ಮತ್ತು ಮೇಲ್ಲೇಪ ಹೋದ ಮೇಲೆ ಬಿಸಿಲಿಗೆ ಹಳದಿಯಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ಈ ಹಾಳೆ ಬಿಸಿಲಿಗೆ ಬೆಳೆಯುತ್ತದೆ. 600 ಮಿ.ಮೀ. ಉದ್ದದ ಅಕ್ರಿಲಿಕ್ಕಿನ ತಾಪ 40 ಡಿಗ್ರಿಯಷ್ಟು ಏರಿದರೆ ಅದು ಹೆಚ್ಚುಕಡಿಮೆ 1.7 ಮಿ.ಮೀ. ಹಿಗ್ಗುತ್ತದೆ, ಕಂದು ಛಾಯೆಯ ಹಾಳೆ ಇನ್ನೂ ಹೆಚ್ಚು ಕಾಯುತ್ತದೆ. ಬಿಗಿಯಾಗಿ ಸ್ಕ್ರೂ ಹೊಡೆದರೆ ಆ ಹಿಗ್ಗು ಹೋಗಲು ಜಾಗವಿಲ್ಲದೆ ತೂತಿನಿಂದಲೇ ಸೀಳುತ್ತದೆ. ಆದ್ದರಿಂದ ನಾನು ತೂತೇ ಬೇಡವೆನ್ನುತ್ತೇನೆ: 3ಎಂ ವಿಎಚ್‌ಬಿಯಂಥ ಎರಡೂ ಬದಿ ಅಂಟುವ ದಪ್ಪ ಟೇಪಿನಿಂದ ಹಾಳೆಯನ್ನು ಹಿಡಿದು ನಿಲ್ಲಿಸಿ, ಸುತ್ತಲೂ ಡೌ 795ರಂಥ ಕಟ್ಟಡದ ಗಾಜಿಗೆ ಬಳಸುವ ಸ್ಟ್ರಕ್ಚರಲ್ ಸಿಲಿಕೋನ್ ತುಂಬಿ. ವಿನೆಗರ್ ವಾಸನೆಯ ಬಾತ್‌ರೂಮ್ ಸಿಲಿಕೋನ್ ಬೇಡ, ಸಂದು ತುಂಬುವ ಪಾಲಿಸಲ್ಫೈಡ್ ಅಂಟಂತೂ ಹಾಳೆಯನ್ನೇ ಹಾಳುಮಾಡುತ್ತದೆ. ಥಿನ್ನರ್, ಅಸಿಟೋನ್‌ಗಳಿಂದ ಒರೆಸದೆ ಸೋಪಿನ ನೀರಿನಿಂದಷ್ಟೇ ತೊಳೆಯಿರಿ.

ಮಾಂಜ್ರಾ, ಬೀದರ್:

ಅಂಟಿನ ಬಗ್ಗೆ ಅವರ ಮಾತು ಸರಿ. ಆದರೂ ಅಳಿವೆ ದಾಟಿ ಹೊರಸಮುದ್ರಕ್ಕೆ ಹೋಗುವ ದೋಣಿಗೆ ನಾನಾದರೆ ಬೋಲ್ಟುಗಳನ್ನೂ ಹಾಕುತ್ತೇನೆ: ತೂತು ಬೋಲ್ಟಿಗಿಂತ 2 ಮಿ.ಮೀ. ದೊಡ್ಡದಿರಲಿ, ಅಗಲ ವಾಷರ್ ಇರಲಿ, ಸಿಲಿಕೋನ್ ಪೂರ್ತಿ ಹಿಂಡಿ ಹೊರಬರುವಂತೆ ಬಿಗಿಯಬೇಡಿ. ಕೆಲಸವನ್ನು ಡಿಸೆಂಬರಿನಿಂದ ಫೆಬ್ರವರಿಯೊಳಗೆ ಮುಗಿಸಿ. ಒದ್ದೆ ಹವೆಯಲ್ಲಿ ಎಪಾಕ್ಸಿಯ ಮೇಲೆ ಜಿಡ್ಡು ಕೂರುತ್ತದೆ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ದಿನಗಳಲ್ಲಂತೂ ಯಾರ್ಡುಗಳ ತುಂಬ ಮೀನುದೋಣಿಗಳೇ ಇರುತ್ತವೆ. ಹಾಸಿಗೆಯನ್ನು ಮತ್ತೆ ಹಾಕುವ ಮುನ್ನ ಒಬ್ಬರು ಒಳಗೆ ಕೂತು, ಇನ್ನೊಬ್ಬರು ಹೊರಗಿನಿಂದ ಪೈಪಿನ ನೀರನ್ನು ಕಿಟಕಿಯ ಕೆಳಅಂಚಿನಿಂದ ಆರಂಭಿಸಿ ನಿಧಾನವಾಗಿ ಮೇಲಕ್ಕೆ ಬಿಡುತ್ತ ಬನ್ನಿ. ಮೇಲಿನಿಂದ ಸುರಿದರೆ ಸೋರಿಕೆ ಯಾವ ಅಂಚಿನದೆಂದು ಗೊತ್ತಾಗುವುದಿಲ್ಲ.